ಹೆಲ್ಮೆಟ್ ಹಾಕಿಕೊಂಡು ಲಿನಕ್ಸ್ ಕಲಿಸಿದ ಕಾಕಾ

ಪಕ್ಕದ ಮನೆಯ ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪು, ಅರ್ಧ ಬಿಳಿ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೋಟಾರಿನ ಮುಚ್ಚಳ ಬಿದ್ದು ಹಾಗಾಗಿತ್ತಂತೆ. ಬಾಗಿಲು ತಟ್ಟುವಾಗಲೂ ಆ ಬೆರಳೇ, ಅವಲಕ್ಕಿಯಲ್ಲಿ ಶೇಂಗಾ ಹುಡುಕುವಾಗಲೂ ಆ ಬೆರಳೇ. ನಮ್ಮ ಮನೆಗೆ ಕಂಪ್ಯೂಟರ್ ಬಂದ ದಿನ ಅದರ ಡಬ್ಬಿಯನ್ನು ಆ ಉಗುರಿನಿಂದ ಎರಡು ಸಲ ಟಕಟಕ ಬಡಿದು, ಕಲ್ಲಂಗಡಿ ಹಣ್ಣು ಪರೀಕ್ಷೆ ಮಾಡುವವರ ಹಾಗೆ ಕಿವಿಗೊಟ್ಟು ಕೇಳಿ, “ಗಟ್ಟಿ ಐತಿ” ಎಂದರು.

ಅಂಬಿಕಾನಗರದ ಕಡೆ ಯಾವುದೋ ಕಚೇರಿಯವರು ಹಳೆಯ ಸಾಮಾನು ಹರಾಜು ಹಾಕಿದಾಗ ನಮ್ಮ ಮನೆಯವರು ಅದನ್ನು ಹಿಡಿದು ತಂದಿದ್ದರು. ತಂದ ಮೇಲೆ ಅವರಿಗೂ ಅದಕ್ಕೂ ಸಂಬಂಧ ಮುಗಿಯಿತು. ಅವರು ಮಿಲ್ಲಿನ ಟೈಮ್ ಆಫೀಸಿನ ಗುಮಾಸ್ತರು. ಹಾಜರಿ ಪುಸ್ತಕದ ಹೊರಗೆ ಯಾವುದನ್ನೂ ನಂಬುವವರಲ್ಲ. ಕಂಪ್ಯೂಟರಿನ ಆಸೆ ಇದ್ದದ್ದು ನನಗೆ. ನಾನು ಓದಿದ ಕಾನ್ವೆಂಟ್ ಶಾಲೆಯ ಹೆಡ್‌ಮಿಸ್ಟ್ರೆಸ್ ಸಿಸ್ಟರ್, ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತೀಯಾ ಎಂದು ಕೇಳಿದ್ದರು. ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ, ಉಪ್ಪಿನಕಾಯಿಗೆ ಉಪ್ಪು ಎಷ್ಟು ಎಂಬುದನ್ನು ಬಿಟ್ಟು ಬೇರೇನನ್ನಾದರೂ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಕಂಪ್ಯೂಟರಿನೊಳಗೆ ವೈರಸ್ಸು ತುಂಬಿತ್ತು. ಕಾಕಾ ಮಿಲ್ಲಿನ ಇಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ಫೋರ್‌ಮನ್ ಆಗಿದ್ದವರು. ನಿವೃತ್ತಿಗೆ ಮೂರು ವರ್ಷ ಇರುವಾಗ ಕಂಟ್ರೋಲ್ ರೂಮಿಗೆ ಬಂದ, ಲಿನಕ್ಸ್ ಎಂಬ ತಂತ್ರಾಂಶದಿಂದ ನಡೆಯುವ ಯಂತ್ರದ ಮೇಲೆ ಅವರಿಗೆ ಮನಸ್ಸಾಗಿತ್ತು. ಅವರ ಹೆಂಡತಿ ಕಾಕು ಹೇಳುವಂತೆ, “ಮದವಿ ಆದ ಹೊಸದಾಗ ನನ್ನ ಇಷ್ಟು ನೋಡಿದ್ದಿಲ್ಲ.” ಹುಬ್ಬಳ್ಳಿಯಲ್ಲಿ ಪತ್ರಿಕೆಯ ಜೊತೆ ಪುಕ್ಕಟೆ ಬರುತ್ತಿದ್ದ ಲಿನಕ್ಸ್ ಸಿಡಿಗಳನ್ನು ಕಾಕಾ ಹಪ್ಪಳದ ಹಾಗೆ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ಅದರಲ್ಲೊಂದನ್ನು ನಮ್ಮ ಯಂತ್ರಕ್ಕೆ ಹಾಕಿದರು. ಹಾಕುವಾಗ ಡಿಸ್ಕನ್ನು ಎರಡು ಖೋಲಿ ಮಾಡಿದರು: ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ನನ್ನ ಕಾಗದಪತ್ರ. ಅಡಿಗೆಮನೆಗೆ ಸುಣ್ಣ ಹೊಡೆಯುವಾಗ ಹಾಸಿಗೆ ಕೆಡಬಾರದು ನೋಡು, ಅದಕ್ಕೇ ಎಂದು ವಿವರಿಸಿದರು.

ಆಮೇಲೆ ಮನೆಗೆ ಹೋಗಿ ಹಳದಿ ಹೆಲ್ಮೆಟ್ ಹಾಕಿಕೊಂಡು ಬಂದರು. ಅದು ಅವರ ಮಿಲ್ಲಿನದು. ಲಿನಕ್ಸಿನಲ್ಲಿ ರೂಟ್ ಎಂಬ ಒಂದು ಹೆಸರುಂಟು. ಆ ಹೆಸರಿನಲ್ಲಿ ಒಳಗೆ ಹೋದವರು ಏನು ಬೇಕಾದರೂ ಮಾಡಬಹುದು, ಯಾವುದೂ ಅಡ್ಡ ಬರುವುದಿಲ್ಲ. ಕಾಕಾ ಹೆಲ್ಮೆಟ್ ಇಲ್ಲದೆ ರೂಟ್ ಆಗುತ್ತಿರಲಿಲ್ಲ.

“ತಂಗಿ, ರೂಟ್ ಅಂದ್ರ ಮೇನ್ ಪ್ಯಾನೆಲ್ ಇದ್ದಂಗ. ಮನ್ಯಾಗ ಒಂದ ದೀಪ ಹಚ್ಚಾಕ ಯಾರರ ಮೇನ್ ಪ್ಯಾನೆಲ್ ಬಾಗಲಾ ತಗೀತಾರೇನ? ದಿನದ ಕೆಲಸಕ್ಕ ನಿನ್ನ ಹೆಸರು ಸಾಕು.”

ಹೆಲ್ಮೆಟ್ಟಿನ ಜೊತೆ ಒಂದು ನೋಟುಪುಸ್ತಕವೂ ಬಂತು. ಮಿಲ್ಲಿನಲ್ಲಿ ಯಾವ ಯಂತ್ರ ಬಿಚ್ಚುವ ಮೊದಲೂ ಪರ್ಮಿಟ್ ಬರೆಯಬೇಕಂತೆ. ನಾನೂ ಬರೆಯಬೇಕು. ಮೂರು ಕಲಮು: ಏನು ಕೆಲಸ, ಯಾಕೆ, ಕೆಟ್ಟರೆ ಹಿಂದಕ್ಕೆ ಬರುವುದು ಹೇಗೆ. ಮೂರನೆಯ ಕಲಮು ಖಾಲಿ ಇದ್ದರೆ ಆ ದಿನ ರೂಟ್ ಇಲ್ಲ, ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ. ಪ್ರಿಂಟರ್ ಕೊಳ್ಳುವ ಮೊದಲು, ಲಿನಕ್ಸಿಗೆ ಅದು ಹೊಂದುತ್ತದೆಯೇ ಎಂದು ವಿಚಾರಿಸು. ಶನಿವಾರಕ್ಕೊಮ್ಮೆ ನಿನ್ನ ಖೋಲಿಯ ಪ್ರತಿಯನ್ನು ಸಿಡಿಗೆ ಇಳಿಸು. ಇವೆಲ್ಲ ಆ ಪುಸ್ತಕದ ಮೊದಲ ಪುಟದಲ್ಲಿ ನನ್ನದೇ ದುಂಡು ಅಕ್ಷರದಲ್ಲಿವೆ.

ಕೆಲಸ ನಡೆದಾಗ ಸ್ವಿಚ್‌ಬೋರ್ಡಿಗೆ ಕೆಂಪು ಪಟ್ಟಿ ತೂಗುಹಾಕುವುದೂ ಒಂದು ನಿಯಮ: “ಅಪಾಯ, ಮುಟ್ಟಬಾರದು.” ಪಟ್ಟಿ ಹಾಕಿದವರೇ ಅದನ್ನು ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ಕಾಕಾ ಪಟ್ಟಿ ಹಾಕಿದವರು ಅದನ್ನು ಮರೆತು ಉಳವಿಗೆ ಹೋಗಿಬಿಟ್ಟರು. ನೀರು ಕಾಯಿಸುವ ಕಾಯಿಲ್ಲಿನ ಸ್ವಿಚ್ಚೂ ಅದೇ ಬೋರ್ಡಿನಲ್ಲಿತ್ತು. ನಮ್ಮ ಮನೆಯವರು ಮಿಲ್ಲಿನ ಮನುಷ್ಯ. ಕೆಂಪು ಪಟ್ಟಿ ಮುಟ್ಟುವುದೆಂದರೆ ಅವರಿಗೆ ಕಳ್ಳತನ ಮಾಡಿದ ಹಾಗೆ. ದಾಂಡೇಲಿಯ ಡಿಸೆಂಬರ್ ಚಳಿಯಲ್ಲಿ ಎರಡು ದಿನ ತಣ್ಣೀರು ಸ್ನಾನ ಮಾಡಿದರು, ಪಟ್ಟಿ ಮಾತ್ರ ಮುಟ್ಟಲಿಲ್ಲ. ನಾನು ಸ್ಟೋವಿನ ಮೇಲೆ ನೀರಿಟ್ಟುಕೊಡುತ್ತೇನೆಂದರೂ ಕೇಳಲಿಲ್ಲ. ಕಾಕಾ ವಾಪಸು ಬಂದಾಗ ಇಬ್ಬರೂ ಕೈ ಹಿಡಿದುಕೊಂಡು ಒಬ್ಬರನ್ನೊಬ್ಬರು ಹೊಗಳಿದರು.

ಮುಂದಿನ ವರ್ಷ ಮಳೆಗಾಲದಿಂದ ಒಂದು ಹೊಸ ನಿಯಮ ಸೇರಿತು. ಪರದೆಯ ಮೇಲೆ ಏನು ಬಂದರೂ ನಾನು ಗಟ್ಟಿಯಾಗಿ ಓದಬೇಕು. ಕಾಕಾ ಕೀಲಿಮಣೆ ಮುಟ್ಟುವುದನ್ನೇ ಬಿಟ್ಟರು. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ನಾನು ಇಂಗ್ಲಿಷ್ ವಾಕ್ಯ ಓದಿದಂತೆಲ್ಲ ತಲೆಯಾಡಿಸುತ್ತಿದ್ದರು. ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆ ಓದಿಸಿದ ಮೇಲೆ ನನ್ನಿಂದ ಯಾರೂ ಅಷ್ಟು ಶ್ರದ್ಧೆಯಿಂದ ಓದಿಸಿರಲಿಲ್ಲ. ಸುರಕ್ಷತೆಗೆ ಒಳ್ಳೆಯದು ಎಂದರು, ನಂಬಿದೆ.

ಆ ವರ್ಷ ಅರ್ಧವಾರ್ಷಿಕ ಪರೀಕ್ಷೆ ದಸರೆಯ ಹಿಂದಿನ ವಾರಕ್ಕೆ ಬಂತು. ಹನ್ನೊಂದು ಪತ್ರಿಕೆಗಳನ್ನು ಒಂದೇ ವಾರದಲ್ಲಿ ಟೈಪ್ ಮಾಡಿ ಮುಗಿಸಿದ್ದೆ. ಗುಟ್ಟು ಹೊರಬೀಳಬಾರದೆಂಬುದು ಸಿಸ್ಟರ್ ಹಾಕಿದ ಷರತ್ತು, ಹಾಗಾಗಿ ಟೀಚರುಗಳ ಕೈಬರಹದ ಹಾಳೆಗಳನ್ನು ಚೂರುಚೂರು ಹರಿದು ಗೊಬ್ಬರದ ಗುಂಡಿಗೆ ಹಾಕಿದ್ದೆ. ಸೋಮವಾರ ಬೆಳಿಗ್ಗೆ ಮುದ್ರಿಸಿದ ಪ್ರತಿ ಕೊಡಬೇಕು. ಮನೆಯಲ್ಲಿ ಕೂತವಳಿಗೆ ಇಂಥ ಜವಾಬ್ದಾರಿ ಯಾಕೆ, ಪೇಟೆಯಲ್ಲಿ ಟೈಪಿಂಗಿನವರಿಲ್ಲವೇ ಎಂದು ಸ್ಟಾಫ್ ರೂಮಿನಲ್ಲಿ ಮಾತಾಗಿದ್ದು ನನ್ನ ಕಿವಿಗೂ ಬಿದ್ದಿತ್ತು. ತಪ್ಪಿದರೆ ಪರೀಕ್ಷೆ ಮುಂದೆ ಹೋಗುತ್ತದೆ. ನನ್ನನ್ನು ಮತ್ತೆ ಯಾರೂ ಕರೆಯುವುದಿಲ್ಲ.

ದಸರೆಗೆ ಮೊದಲು ನಮ್ಮಲ್ಲಿ ಮನೆಯ ಒಂದು ಚಮಚವನ್ನೂ ಬಿಡದೆ ತೊಳೆಯುವುದು ರೂಢಿ. ಕೌದಿಗಳು ಹೊಳೆಗೆ ಹೋದವು, ಅಟ್ಟದ ಮೇಲಿನ ಹಿತ್ತಾಳೆ ಕೆಳಗಿಳಿಯಿತು, ಜೇಡರ ಬಲೆ ಹೋಯಿತು. ಆ ಗದ್ದಲದಲ್ಲಿ ಶನಿವಾರದ ಪ್ರತಿ ತೆಗೆಯುವುದೂ ಉಳಿಯಿತು. ಮಧ್ಯಾಹ್ನ ಎಲ್ಲ ಮುಗಿದು ಕೂತಾಗ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಅದೊಂದೇ ಯಾಕೆ ಉಳಿಯಬೇಕು ಎನ್ನಿಸಿತು. ಹೆಲ್ಮೆಟ್ಟೂ ಇಲ್ಲ, ಪರ್ಮಿಟ್ಟೂ ಇಲ್ಲ, ರೂಟ್ ಆಗಿ ಒಳಗೆ ಹೋದೆ. ಹೆಸರು ಅರ್ಥವಾಗದ, ನಾನು ಎಂದೂ ಬಳಸದ ತಂತ್ರಾಂಶದ ಪ್ಯಾಕೇಜುಗಳು ಸಾಲುಸಾಲಾಗಿದ್ದವು, ಖಾಲಿ ಹಾರ್ಲಿಕ್ಸ್ ಬಾಟಲಿಗಳ ಹಾಗೆ. ಒಂದೊಂದಾಗಿ ತೆಗೆದೆ. ಇದನ್ನು ತೆಗೆದರೆ ಇವೂ ಹೋಗುತ್ತವೆ ಎಂದು ಯಂತ್ರ ಉದ್ದನೆಯ ಪಟ್ಟಿ ತೋರಿಸಿ ಕೇಳಿತು. ಹೋಗಲಿ ಎಂದೆ. ಕಾಕಾ ಎದುರಿಗಿಲ್ಲವಲ್ಲ, ಓದಲೂ ಇಲ್ಲ.

ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಅದು ಎರಡು ಸಾಲು ಬರೆದು ನಿಂತುಬಿಟ್ಟಿತು.

ಭಾನುವಾರ ಬೆಳಿಗ್ಗೆ ಕಾಕಾ ಬಂದರು, ಹೆಲ್ಮೆಟ್ ಸಮೇತ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಹೆಲ್ಮೆಟ್ ತೆಗೆದು ನನ್ನ ತಲೆಯ ಮೇಲಿಟ್ಟರು. ಅದು ಕಣ್ಣಿನವರೆಗೆ ಇಳಿಯಿತು.

“ಪಟ್ಟಿ ಹಾಕಿದವರ ತಗೀಬೇಕು, ಕೆಡಿಸಿದವರ ರಿಪೇರಿ ಮಾಡಬೇಕು. ನಾ ಮುಟ್ಟೂದಿಲ್ಲ. ಓದು, ಹೇಳ್ತೀನಿ.”

ಲಿನಕ್ಸಿನ ಖೋಲಿಯನ್ನು ಅಳಿಸಿ ಹೊಸದಾಗಿ ಹಾಕಬೇಕು, ನನ್ನ ಖೋಲಿ ಹಾಗೆಯೇ ಉಳಿಯಬೇಕು. ಅಳಿಸುವಾಗ ಖೋಲಿ ತಪ್ಪಿದರೆ ಹನ್ನೊಂದು ಪತ್ರಿಕೆಯೂ ಹೋದವು. ಸಿಡಿ ಹಾಕಿದೆವು. ಮೊದಲು ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತ ಕೂತಿತು. ಅಷ್ಟರಲ್ಲಿ ಹಾಲಿನವನು ಬಂದ. ಹಾಲು ಕಾಯಿಸಿ, ಕಾಕು ಕಳಿಸಿದ ಉಪ್ಪಿಟ್ಟು ಎರಡು ತಾಟಿಗೆ ಹಾಕಿಕೊಂಡು ಬಂದೆ. ಬಹಳ ಹೊತ್ತು ಯಾವ ಕೀಲಿಯೂ ಒತ್ತದಿದ್ದರೆ ಆ ಪರದೆ ತಾನಾಗಿ ಕಪ್ಪಾಗುತ್ತಿತ್ತು. ಆಗಲೂ ಪೂರ್ತಿ ಕಪ್ಪಾಗಿತ್ತು, ಒಂದು ಚುಕ್ಕೆಯೂ ಇಲ್ಲ. ಕಾಕಾ ಅದರ ಎದುರಿಗೆ ಒಂದು ಮೊಳ ದೂರದಲ್ಲಿ ಕೂತು, ಕಣ್ಣು ಸಣ್ಣದು ಮಾಡಿ, ಗಂಭೀರವಾಗಿ ನೋಡುತ್ತಿದ್ದರು.

“ಹೆಂಗ ನಡದೈತ್ರಿ ಕಾಕಾ?” ಎಂದೆ.

“ಭಾಳ ಚಲೋ ನಡದೈತಿ. ಸಿಡಿ ಒಳಗ ಏನೂ ತಪ್ಪಿಲ್ಲ.”

ಉಪ್ಪಿಟ್ಟಿನ ತಾಟು ನನ್ನ ಕೈಯಲ್ಲೇ ಉಳಿಯಿತು. ಮೂರು ತಿಂಗಳಿಂದ ನಾನು ಗಟ್ಟಿಯಾಗಿ ಓದುತ್ತಿದ್ದದ್ದು ಯಾತಕ್ಕೆ ಎಂಬುದು ಆಗ ತಿಳಿಯಿತು. ನಗು ಬಂತು, ಅದರ ಹಿಂದೆಯೇ ಹೆದರಿಕೆ. ನಾನು ತಪ್ಪಿದರೆ ಹಿಡಿಯುವವರಿದ್ದಾರೆ ಎಂಬ ಧೈರ್ಯದಲ್ಲಿ ಇಷ್ಟು ದಿನ ಕೂತಿದ್ದೆ. ಹಿಡಿಯುವವರಿಗೆ ಏನೂ ಕಾಣುತ್ತಿರಲಿಲ್ಲ.

ತಾಟು ಕೆಳಗಿಟ್ಟು ಒಂದು ಕೀಲಿ ಒತ್ತಿ ಪರದೆ ಬೆಳಗಿಸಿದೆ. ಯಾವ ಖೋಲಿ ಅಳಿಸಲಿ ಎಂದು ಯಂತ್ರ ಕೇಳುತ್ತಿತ್ತು. ಪರ್ಮಿಟ್ ಪುಸ್ತಕದಲ್ಲಿ ಎರಡೂ ಖೋಲಿಗಳ ಅಳತೆ ಬರೆದಿದ್ದೆ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಬೆರಳು ಹಚ್ಚಿ ಎರಡು ಸಲ ಹೊಂದಿಸಿ ನೋಡಿದೆ. ಆಮೇಲೆ ಗಟ್ಟಿಯಾಗಿ ಓದಿದೆ. ಕಾಕಾ ಕಣ್ಣು ಮುಚ್ಚಿ ಕೇಳಿದರು.

“ದೊಡ್ಡದು ಯಾರದು?”

“ನಂದ್ರಿ.”

“ಅದನ್ನ ಮುಟ್ಟಬ್ಯಾಡ. ಸಣ್ಣದಕ್ಕ ಗುರ್ತು ಹಾಕು. ಇನ್ನೊಮ್ಮೆ ಓದು. ಅವಸರ ಇಲ್ಲ.”

ಇನ್ನೊಮ್ಮೆ ಓದಿದೆ. ಒತ್ತಿದೆ. ಹೆಲ್ಮೆಟ್ಟಿನೊಳಗೆ ಬೆವರು ಕಿವಿಯ ಹಿಂದೆ ಇಳಿದದ್ದು ಈಗಲೂ ನೆನಪಿದೆ. ಊಟದ ಹೊತ್ತಿಗೆ ನನ್ನ ಹನ್ನೊಂದು ಪತ್ರಿಕೆಗಳು ಇಟ್ಟಲ್ಲಿಯೇ ಸಿಕ್ಕವು. ಪ್ರಿಂಟರ್ ಕರಕರ ಎನ್ನತೊಡಗಿದಾಗ ಕಾಕಾ ತಣ್ಣಗಾದ ಉಪ್ಪಿಟ್ಟನ್ನು ಖುಷಿಯಿಂದ ತಿಂದರು.

ಸಂಜೆ ತಾಟು ವಾಪಸು ಕೊಡುವ ನೆಪದಲ್ಲಿ ಕಾಕುವಿಗೆ ಕಣ್ಣಿನ ವಿಷಯ ಹೇಳಿದೆ. ಪೊರೆ ಬಂದದ್ದನ್ನು ಆಪರೇಶನ್ನಿಗೆ ಹೆದರಿ ಮುಚ್ಚಿಟ್ಟಿದ್ದಾರೆ ಎಂದು ಅವರಿಗೆ ಅನುಮಾನ ಇತ್ತಂತೆ.

“ಮೂರು ತಿಂಗಳಾತು, ನನ್ನ ಸೀರಿ ಚಲೋ ಕಾಣತೈತಿ ಅನ್ನಾಕತ್ತಾರ. ಮೂವತ್ತೈದು ವರ್ಷದಾಗ ಒಮ್ಮಿ ಅಂದಿದ್ದಿಲ್ಲ. ಆವಾಗ ತಿಳೀತು, ಏನೋ ಕೆಟ್ಟೈತಿ ಅಂತ.”

ದಸರೆ ಮುಗಿದ ಮೇಲೆ ಕಾಕು ಅವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಕಾಕಾ ಅಲ್ಲಿಯೂ ಡಾಕ್ಟರಿಗೆ ಮೂರನೆಯ ಕಲಮಿನ ಪ್ರಶ್ನೆ ಕೇಳಿದರಂತೆ, ಕೆಟ್ಟರ ಹಿಂದಕ್ಕ ಬರೂದು ಹೆಂಗ್ರಿ ಎಂದು. ಅದಕ್ಕೇ ನಾವು ಒಂದು ಸಲಕ್ಕೆ ಒಂದೇ ಕಣ್ಣು ಮಾಡುವುದು ಎಂದರಂತೆ ಡಾಕ್ಟರು. ಇವರು ತಿಳಿದವರು ಎಂದು ಕಾಕಾ ತಕ್ಷಣ ಟೇಬಲ್ಲಿನ ಮೇಲೆ ಮಲಗಿದರು.

ಕಣ್ಣಿನ ಹಸಿರು ಪಟ್ಟಿ ಬಿಚ್ಚಿದ ಮೇಲೆ ನಮ್ಮ ಮನೆಗೆ ಬಂದವರು ಪರದೆಯ ಹತ್ತಿರ ಬಗ್ಗಿ ನೋಡಿ, “ತಂಗಿ, ಇಡೀ ಮನಿ ತೊಳೀತಿ, ಇದನ್ನ ಎಂದೂ ಒರಸೂದಿಲ್ಲೇನ?” ಎಂದರು. ಕಾಕುವಿನ ಸೀರೆಯ ಬಗ್ಗೆ ಮತ್ತೆ ಏನೂ ಹೇಳಲಿಲ್ಲವಂತೆ.

ಆಮೇಲೆ ಐದು ವರ್ಷ ಕಾಕಾ ನಮ್ಮ ಪಕ್ಕದಲ್ಲಿದ್ದರು. ಒಂದು ಶ್ರಾವಣದಲ್ಲಿ, ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ.

ಅವರ ಬಗ್ಗೆ ಯಾರಾದರೂ ಕೇಳಿದಾಗ ನಗುವಂಥವನ್ನೇ ಹೇಳುತ್ತೇನೆ. ಹೇಳದೆ ಉಳಿಯುವುದು ಆ ಸೋಮವಾರ. ಲಕೋಟೆ ಕೈಗೆ ಕೊಟ್ಟಾಗ ಸಿಸ್ಟರ್ ಕನ್ನಡಕ ಏರಿಸಿಕೊಂಡು ಪತ್ರಿಕೆಗಳನ್ನು ತಿರುವಿದರು. ಯಂತ್ರ ಕೆಟ್ಟಿತ್ತಂತಲ್ಲ, ಯಾರು ಸರಿ ಮಾಡಿದರು ಎಂದು ಕೇಳಿದರು. ದಾಂಡೇಲಿಯಲ್ಲಿ ಸುದ್ದಿಗೆ ಕಾಲು ಬೇಕಾಗುವುದಿಲ್ಲ. ನಮ್ಮ ಮನೆಯವರು ಎಂದು ಹೇಳಲು ಬಾಯಿ ತಾನಾಗಿ ತೆರೆಯಿತು. ಯಾರು ಏನು ಕೇಳಿದರೂ ಅದೇ ಉತ್ತರ ಕೊಟ್ಟು ರೂಢಿ. ಪಕ್ಕದ ಮನೆಯ ಕಾಕಾ ಎನ್ನಬಹುದಿತ್ತು. ಆದರೆ ಅವರು ಒಂದು ಕೀಲಿಯನ್ನೂ ಮುಟ್ಟಿರಲಿಲ್ಲ.

“ನಾನೇ, ಸಿಸ್ಟರ್,” ಎಂದೆ.

ಅವರು ಪತ್ರಿಕೆಗಳನ್ನು ಮತ್ತೆ ಲಕೋಟೆಗೆ ಹಾಕಿದರು. ಆಮೇಲೆ ಮೂಲೆಯಲ್ಲಿ ಹೊದಿಕೆ ಹಾಕಿಟ್ಟಿದ್ದ ಆಫೀಸಿನ ಕಂಪ್ಯೂಟರ್ ಕಡೆ ಕೈ ತೋರಿಸಿ, ಹಾಗಾದರೆ ಅದನ್ನೂ ಸ್ವಲ್ಪ ನೋಡಿಬಿಡು, ಜೂನ್‌ನಿಂದ ಚಾಲೂ ಆಗಿಲ್ಲ ಎಂದರು. ನಾನು ಕುರ್ಚಿ ಎಳೆದುಕೊಂಡು ಕೂತೆ.