ಜಾರ್ಜ್ ದೊರೆಯ ಮನೆಜಗಳ ಹೇಳುತ್ತಿದ್ದ ಅಹಲ್ಯಾ

ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸ ಮಾಡಿ ನಿವೃತ್ತರಾದ ಮೇಲೆ ಅಹಲ್ಯಾ ಊರಾಚೆಯ ಹಳೇ ಬಂಗಲೆಯೊಂದರಲ್ಲಿ ಸಂಬಳವಿಲ್ಲದ ಗೈಡ್ ಆದರು. ಗುರುವಾರ ಅವರ ಪಾಳಿ. ಹಜಾರದ ಮೂಲೆಯಲ್ಲಿ ಕೂತು, ಕೇಳಿದವರಿಗೆ ಗೋಡೆಯ ಚಿತ್ರಗಳ ಕಥೆ ಹೇಳಬೇಕು. ಹಳೇ ಕುರ್ಚಿಗಳ ಮೇಲೆ ಜನ ಕೂರದಿರಲೆಂದು ಒಂದೊಂದರ ಮೇಲೂ ಪೈನ್ ಮರದ ಒಣಕಾಯಿ ಇಟ್ಟಿರುತ್ತಿದ್ದರು. ಬಾಯಿಬಿಟ್ಟು ಬೇಡ ಎನ್ನುವುದಕ್ಕಿಂತ ಇದು ಮರ್ಯಾದಸ್ಥರ ದಾರಿ ಎಂದು ಅಹಲ್ಯಾಗೆ ಮೆಚ್ಚುಗೆ.

2006ರ ಬೇಸಿಗೆ ಬರುವ ಹೊತ್ತಿಗೆ ಅವರು ಮೊಮ್ಮಗನನ್ನು ನೋಡಿ ಎಂಟು ತಿಂಗಳಾಗಿತ್ತು.

ಜಗಳ ಹುಟ್ಟಿದ್ದು ಮಗುವಿನ ನಾಮಕರಣದಲ್ಲಿ. ಲೆಸ್ಟರ್‌ನ ದೇವಸ್ಥಾನದಲ್ಲಿ ತಟ್ಟೆಗೆ ಅಕ್ಕಿ ಹರಡಿಟ್ಟಿದ್ದರು. ಅದರಲ್ಲಿ ಉಂಗುರದಿಂದ ಹೆಸರು ಬರೆಯಬೇಕಾದವನು ಮಗುವಿನ ತಂದೆ, ಅಹಲ್ಯಾರ ಮಗ ನಿತಿನ್. ಅವನು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಮುಹೂರ್ತ ಮೀರುತ್ತದೆಂದು ಅಹಲ್ಯಾರ ಗಂಡ ಜಯಪ್ರಕಾಶರು ತಮ್ಮ ಉಂಗುರ ತೆಗೆದು, ತಮ್ಮ ತಂದೆಯ ಹೆಸರು ತಿಮ್ಮಯ್ಯ ಎಂದು ಬರೆದೇಬಿಟ್ಟರು. ಒಳಗೆ ಬಂದ ನಿತಿನ್ ತಟ್ಟೆ ನೋಡಿದ. ಅಂಗೈಯಿಂದ ಅಕ್ಕಿ ಸವರಿ, ಚಿರಾಗ್ ಎಂದು ಬರೆದ.

"ನಮ್ಮಪ್ಪನ ಹೆಸರು ಒರೆಸಿದೋನ ಮನೆಗೆ ಹೋಗೋರು ಈ ಮನೆಗೆ ವಾಪಸ್ ಬರೋದು ಬೇಡ," ಎಂದು ಜಯಪ್ರಕಾಶರು ಆ ಸಂಜೆ ಹೇಳಿದರು. ಮನೆಯಲ್ಲಿದ್ದವರು ಇಬ್ಬರೇ, ಮಾತು ಯಾರಿಗೆಂದು ಸ್ಪಷ್ಟವಿತ್ತು. ಕೋಪ ತಾನಾಗಿ ಇಳಿದೀತೆಂದು ಅಹಲ್ಯಾ ಸುಮ್ಮನಿದ್ದರು. ಇಳಿಯಲಿಲ್ಲ. ನಿತಿನ್ ಇದ್ದದ್ದು ಎಜ್‌ಬಾಸ್ಟನ್ನಿನಲ್ಲಿ, ಎರಡು ಬಸ್ಸಿನ ದೂರ.

ಒಂದು ಗುರುವಾರ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದ ಮೂರು ನಾಲ್ಕು ಹುಡುಗಿಯರು ಬಂಗಲೆಗೆ ಬಂದರು. ಅವರಲ್ಲಿ ಧಾರವಾಡದ ಮೈತ್ರೇಯಿ ಎಂಬವಳು ಅಹಲ್ಯಾರ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು ಓದಿ, ಊರು ಕೇಳಿ ತಿಳಿದು, "ಆಂಟಿ, ಕನ್ನಡದಾಗ ಹೇಳ್ರಿ," ಎಂದಳು.

ಅಹಲ್ಯಾ ಗೋಡೆಯ ಮೇಲಿದ್ದ ಯುವರಾಜನ ಚಿತ್ರ ತೋರಿಸಿದರು. ಇವನ ಅಪ್ಪ ಮೊದಲನೆಯ ಜಾರ್ಜ್ ದೊರೆ. 1717ರಲ್ಲಿ ಮೊಮ್ಮಗನ ನಾಮಕರಣಕ್ಕೆ ಯಾರು ಧರ್ಮಪಿತ, ಅಂದರೆ ಗಾಡ್‌ಫಾದರ್, ಆಗಬೇಕೆಂಬ ವಿಷಯಕ್ಕೆ ಜಗಳವಾಗಿ, ಮಗನನ್ನು ಅರಮನೆಯಿಂದಲೇ ಹೊರಹಾಕಿದ. ಮಗನ ಮಕ್ಕಳನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಮಗನ ಮನೆಗೆ ಹೋದವರಿಗೆ ತನ್ನ ದರ್ಬಾರಿಗೆ ಪ್ರವೇಶವಿಲ್ಲವೆಂದು ಸಾರಿದ.

"ಆ ಕೂಸು?"

"ಕೆಲವೇ ತಿಂಗಳಲ್ಲಿ ತೀರಿಹೋಯಿತು."

ಹುಡುಗಿಯರು ಚಿತ್ರದ ಹತ್ತಿರ ಹೋಗಿ ನೋಡಿದರು. ಆಮೇಲೆ ಮೈತ್ರೇಯಿ, "ಅಲ್ರೀ ಆಂಟಿ, ಮುದುಕ ಹಿಂಗ ಕುಣಿಯೋ ಮುಂದ ಅಜ್ಜಿ ಏನ್ ಮಾಡ್ತಿದ್ಲು? ಬಾಯಾಗ ಕಡುಬು ಇಟ್ಕೊಂಡಿದ್ಲೇನು?" ಎಂದಳು. ಉಳಿದವರು ನಕ್ಕರು.

"ಅವಳಿಗೆ ಬೇರೊಬ್ಬನ ಜೊತೆ ಸಂಬಂಧ ಇತ್ತು ಅಂತ ದೊರೆ ಎಂದೋ ಅವಳನ್ನ ಬಿಟ್ಟಿದ್ದ. ದೊರೆಯ ಹುಟ್ಟೂರ ಕಡೆ, ಜರ್ಮನಿಯ ಒಂದು ಕೋಟೆಮನೆಯಲ್ಲಿ ಕೂಡಿಹಾಕಿದ್ದರು. ಮೂವತ್ತು ವರ್ಷಕ್ಕೂ ಮೇಲೆ, ಸಾಯುವವರೆಗೆ. ಮಕ್ಕಳ ಮುಖ ನೋಡೋ ಹಾಗಿರಲಿಲ್ಲ."

"ಹಂಗಾರ ಪಾಪ, ಆಕೀದೇನೂ ತಪ್ಪಿಲ್ಲ ಬಿಡ್ರಿ. ಬಾಗಿಲಿಗೆ ಕಾವಲಿತ್ತು," ಎಂದು ಮೈತ್ರೇಯಿ ಮುಂದಿನ ಕೋಣೆಗೆ ನಡೆದಳು.

ಅಹಲ್ಯಾ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದರು. ಆದರೆ ಅಜ್ಜಿಯ ಬಗ್ಗೆ ಕೇಳಿದವರು ಯಾರೂ ಇರಲಿಲ್ಲ. ತಮ್ಮ ಮನೆಯ ಬಾಗಿಲಿಗೆ ಇದ್ದದ್ದು ಒಂದು ಚಿಲಕ, ಅದೂ ಒಳಗಡೆ.

ಶನಿವಾರ ಊಟಕ್ಕೆ ಬಡಿಸುತ್ತ ಹೇಳಿದರು: "ನಾಳೆ ನಿತಿನ್ ಮನೆಗೆ ಹೋಗ್ತೀನಿ."

"ನಾನು ಅವತ್ತೇ ಹೇಳಿದ್ದೆ. ಹೋದರೆ ವಾಪಸ್ ಬರಬೇಡ."

"ಬರ್ತೀನಿ ರೀ. ಈ ಮನೆಯ ಮಾರ್ಟ್‌ಗೇಜ್ ಸಾಲಕ್ಕೆ ನನ್ನ ಸಂಬಳವೂ ಹೋಗಿದೆ. ಸಾರು ಫ್ರಿಜ್‌ನಲ್ಲಿರುತ್ತೆ, ಅನ್ನ ನೀವೇ ಇಟ್ಕೊಳ್ಳಿ."

ಜಯಪ್ರಕಾಶರು ತಟ್ಟೆ ಬಿಟ್ಟು ಏಳಲು ಹೊರಟವರು, ಯಾಕೋ ಮಜ್ಜಿಗೆ ಅನ್ನ ಮುಗಿಸಿಯೇ ಎದ್ದರು.

ಭಾನುವಾರ ಎಜ್‌ಬಾಸ್ಟನ್ನಿನಲ್ಲಿ ನಿತಿನ್ ಬಾಗಿಲು ತೆರೆದು, ಹಿಂದೆ ಅಪ್ಪ ಇದ್ದಾರೆಯೇ ಎಂದು ಇಣುಕಿದ. "ಒಬ್ಬಳೇ ಬಂದಿದೀನಿ. ಒಳಗೆ ಬಿಡ್ತೀಯೋ ಇಲ್ವೋ?" ಎಂದರು ಅಹಲ್ಯಾ. ಮಗು ಇವರನ್ನು ಕಂಡು ಅತ್ತಿತು, ಗುರುತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇವರ ಸೆರಗು ಹಿಡಿದು ನಿಲ್ಲಲು ನೋಡಿತು.

ಸಂಜೆ ವುಲ್ವರ್‌ಹ್ಯಾಂಪ್ಟನ್ನಿನ ಮನೆಗೆ ಮರಳಿದಾಗ ಚಿಲಕ ಹಾಕಿರಲಿಲ್ಲ. ಜಯಪ್ರಕಾಶರು ಟಿ.ವಿ. ಮುಂದಿನಿಂದ ಕತ್ತು ತಿರುಗಿಸದೆ ಕೇಳಿದರು: "ಹೆಸರು ಹಿಡಿದು ಕರೆದರೆ ತಿರುಗಿ ನೋಡ್ತಾನಾ?"

"ಚಿರಾಗ್ ಅಂದರೆ ನೋಡ್ತಾನೆ."

ಮುಂದಿನ ಭಾನುವಾರವೂ ಅಹಲ್ಯಾ ಹೋದರು, ಅದರ ಮುಂದಿನ ಭಾನುವಾರವೂ. ಜಯಪ್ರಕಾಶರು ಹೋಗಲಿಲ್ಲ.