ಮದುವೆಯಾದ ದಿನದಿಂದ ಎದೆನೋವು

ಬೀದಿಯವರೆಲ್ಲ ಅವಳನ್ನು ಕರೆಯುವುದು ಕಾಜಾ ಅಕ್ಕ ಎಂದು. ಅಂಗಿಯ ಗುಂಡಿ ತೂರಿಸುವ ಸೀಳಿಗೆ ಸುತ್ತ ದಾರ ಕಟ್ಟುವುದೇ ಕಾಜಾ. ಸಮವಸ್ತ್ರ ಹೊಲಿಯುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಅವಳದು ಅದೇ ಕೆಲಸ. ಕೂದಲೆಳೆಯಷ್ಟು ಆಚೀಚೆಯಾದರೂ ಬಿಚ್ಚಿ ಮತ್ತೆ ಕಟ್ಟುವವಳು. ನಗು ಮಾತ್ರ ಅಪರೂಪ. ಮನೆಯ ನಗುವನ್ನೆಲ್ಲ ಗಂಡನೇ ಗುತ್ತಿಗೆ ಹಿಡಿದಿರುವಾಗ ಅವಳ ಪಾಲಿಗೆ ಎಲ್ಲಿಂದ ಉಳಿಯಬೇಕು?

ಗಂಡ ಬೀಗ ರಿಪೇರಿಯವನು. ಮೂಲೆಯ ಡಬ್ಬಾ ಅಂಗಡಿಯಲ್ಲಿ ಕೂತು ಅರದಿಂದ ಕೀಲಿ ಉಜ್ಜುತ್ತ, ಬಂದವರನ್ನೆಲ್ಲ ನಗಿಸಿ ಕಳಿಸುವ ಆಸಾಮಿ. ಕೀಲಿ ಕಳೆದುಕೊಂಡು ಅಳುಮೋರೆ ಹಾಕಿಕೊಂಡು ಬಂದವರಿಗೆ "ಬೀಗ ಕಳೀಲಿಲ್ವಲ್ಲ, ಪುಣ್ಯ ಮಾಡಿದ್ರಿ" ಎನ್ನುವನು. ಅವನ ಬಾಯಿಗೆ ಬೀಗ ಹಾಕುವವರು ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಆರೋಗ್ಯಕ್ಕೆಂದು ಮನೆಯಲ್ಲಿ ಎರಡು ಕಾಗದಗಳಿದ್ದವು. ಒಂದು ಸರ್ಕಾರದ ಕಾರ್ಡು. ಅದನ್ನು ತೋರಿಸಿದರೆ ದೊಡ್ಡಾಸ್ಪತ್ರೆಯಲ್ಲಿ ಎಲ್ಲ ಪುಕ್ಕಟೆ. ಇನ್ನೊಂದು, ಮೂರು ವರ್ಷದ ಹಿಂದೆ ಅವಳು ಹಟ ಹಿಡಿದು ಇಬ್ಬರ ಹೆಸರಿನಲ್ಲೂ ಮಾಡಿಸಿದ ಖಾಸಗಿ ಕಂಪನಿಯ ಪಾಲಿಸಿ. "ಒಂದು ಬಾಗ್ಲಿಗೆ ಎರಡು ಬೀಗ ಯಾಕೆ?" ಎಂದು ಬೀಗದವನೇ ಕೇಳಿದ್ದ.

"ದೊಡ್ಡಾಸ್ಪತ್ರೇಲಿ ಸಾಲು ಉದ್ದ ಇರುತ್ತೆ. ಕಾಯಿಲೆ ಬಂದು ಸಾಲಲ್ಲಿ ನಿಂತ್ಕೊಳ್ಳುತ್ತಾ?" ಎಂದಿದ್ದಳು ಅವಳು.

ಅಷ್ಟಕ್ಕೂ ಬಿಡದೆ, ವರ್ಷಕ್ಕೊಮ್ಮೆ ಅವನನ್ನು ಬೀದಿ ಕೊನೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋಗುತ್ತಿದ್ದಳು. ಅಲ್ಲಿನ ಹಿರಿಯ ನರ್ಸಮ್ಮ ಬಿ.ಪಿ. ನೋಡಿ, ಇಸಿಜಿ ತೆಗೆದು, ಚೀಟಿ ಬರೆದು ಕೊಡುತ್ತಿದ್ದರು. ಚೀಟಿಗಳು ಬಿಸ್ಕತ್ತಿನ ಡಬ್ಬಿ ಸೇರುತ್ತಿದ್ದವು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಅವನ ಕೈಯಿಂದ ಅರ ಜಾರಿ ಬಿತ್ತು. ಅಕ್ಕಪಕ್ಕದವರು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅವಳು ಏದುಸಿರು ಬಿಡುತ್ತ ಬರುವ ಹೊತ್ತಿಗೆ ಅವನ ನೋವು ಇಳಿದಿತ್ತು, ಬಾಯಿ ತೆರೆದಿತ್ತು. "ಎದೆನೋವು ಯಾವಾಗಿಂದ?" ಎಂದು ಎಳೆವಯಸ್ಸಿನ ಡಾಕ್ಟರು ಕೇಳುತ್ತಿದ್ದರು.

"ಮದ್ವೆ ಆದ ದಿನದಿಂದ ಸಾರ್. ಇಪ್ಪತ್ತೆರಡು ವರ್ಷ ಆಯ್ತು!"

ಸುತ್ತ ನಿಂತವರು ನಕ್ಕರು. ಡಾಕ್ಟರು ಎರಡು ಪಾಳಿ ಒಟ್ಟಿಗೆ ಮಾಡಿ ಸೋತಿದ್ದರು. ನಗದೆ ಬರೆದುಕೊಂಡರು.

ರಕ್ತನಾಳ ಮೂರು ಕಡೆ ಕಟ್ಟಿಕೊಂಡಿದೆ, ತಿಂಗಳೊಳಗೆ ಎದೆ ತೆರೆದು ಆಪರೇಷನ್ ಮಾಡಬೇಕು, ತಡವಾದರೆ ಜೀವಕ್ಕೆ ಅಪಾಯ ಎಂದರು ದೊಡ್ಡ ಡಾಕ್ಟರು. ಅವಳು ಸರ್ಕಾರದ ಕಾರ್ಡು ಹಿಡಿದು ದೊಡ್ಡಾಸ್ಪತ್ರೆಗೆ ಓಡಿದಳು. ಅಲ್ಲಿಯವರು ಒಳ್ಳೆಯ ಮಾತೇ ಆಡಿದರು. "ದುಡ್ಡು ಬೇಡ ತಾಯಿ, ಮಾಡ್ಕೊಡ್ತೀವಿ. ಆದ್ರೆ ನಿಮಗಿಂತ ಮುಂಚೆ ಬಂದವ್ರೂ ಎದೆ ಹಿಡ್ಕೊಂಡೇ ಕೂತಿದಾರೆ" ಎಂದು ನಾಲ್ಕು ತಿಂಗಳ ಆಚೆಯ ದಿನ ಕೊಟ್ಟರು. ಇನ್ನು ಪಾಲಿಸಿಯೊಂದೇ ದಾರಿ. ಖಾಸಗಿ ಆಸ್ಪತ್ರೆಯವರು ಡಾಕ್ಟರು ಬರೆದುಕೊಂಡಿದ್ದ ಹಾಳೆಯನ್ನೂ ಸೇರಿಸಿ ಕಂಪನಿಗೆ ಅರ್ಜಿ ಕಳಿಸಿದರು. ಆರನೇ ದಿನ ಕಂಪನಿಯಿಂದ ಕಾಗದ ಬಂತು: ಪಾಲಿಸಿ ಮೂರು ವರ್ಷದ್ದು, ಎದೆನೋವು ಇಪ್ಪತ್ತೆರಡು ವರ್ಷದ್ದು. ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ, ಖರ್ಚು ಭರಿಸಲಾಗುವುದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅಂದಿನಿಂದ ಅವನು ಮಾತೇ ಬಿಟ್ಟ. ನೀರು ಬೇಕೇ ಎಂದರೆ ತಲೆಯಾಡಿಸುವನು, ಅಷ್ಟೇ. ಕಾಯಿಲೆಗಿಂತ ಆ ಮೌನಕ್ಕೇ ಅವಳು ಹೆಚ್ಚು ಹೆದರಿದಳು.

ಕಂಪನಿಯ ಕಚೇರಿಗೆ ಹೋದಳು. ಮೇಜಿನ ಹಿಂದಿದ್ದ ಹುಡುಗಿ ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟಳು. "ತಮಾಷೆ ಅಂತ ನನಗೆ ಅರ್ಥ ಆಗುತ್ತೆ ಅಕ್ಕಾ, ಫೈಲಿಗೆ ಅರ್ಥ ಆಗಲ್ವಲ್ಲ. ಪಾಲಿಸಿ ಮಾಡ್ಸೋವಾಗ ನೋವಿರ್ಲಿಲ್ಲ ಅಂತ ಯಾರಾದ್ರೂ ಬರೆದಿದ್ರೆ ತನ್ನಿ. ನಾನೇ ಮೇಲಕ್ಕೆ ಕಳಿಸ್ತೀನಿ."

ಮನೆಗೆ ಬಂದವಳೇ ಬಿಸ್ಕತ್ತಿನ ಡಬ್ಬಿಯನ್ನು ನೆಲಕ್ಕೆ ಸುರಿದಳು. ಮೂರು ವರ್ಷದ ಹಿಂದಿನ ಚೀಟಿ ಸಿಕ್ಕಿತು. ಇಸಿಜಿ ಸರಿಯಾಗಿದೆ ಎಂಬುದರ ಕೆಳಗೆ ನರ್ಸಮ್ಮನ ಗುಂಡಗಿನ ಅಕ್ಷರ: "ಎದೆನೋವು ಮದುವೆಯಾದ ದಿನದಿಂದ ಇದೆ ಎನ್ನುತ್ತಾರೆ. ತಮಾಷೆ. ಹೆಂಡತಿಯನ್ನು ಕೇಳಿದೆ, ನೋವು ಇಲ್ಲ." ಅದರ ಮುಂದಿನ ವರ್ಷದ್ದರಲ್ಲೂ ಅದೇ. ಕಳೆದ ವರ್ಷದ್ದರಲ್ಲಿ ನರ್ಸಮ್ಮನಿಗೂ ಸಾಕಾಗಿ "ಅದೇ ಹಳೆಯ ತಮಾಷೆ" ಎಂದಷ್ಟೇ ಬರೆದಿದ್ದರು. ಪುಣ್ಯಾತ್ಮ ವರ್ಷ ವರ್ಷವೂ ಒಂದೇ ಜೋಕು ಹೊಡೆದಿದ್ದ!

ಚೀಟಿ ಓದಿ ಕಚೇರಿಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೇಳಿದಂತೆ ತಾನೇ ಮೇಲಕ್ಕೆ ಕಳಿಸಿದಳು. ಒಂಬತ್ತನೇ ದಿನ ಒಪ್ಪಿಗೆ ಬಂತು, ತಿಂಗಳು ತುಂಬುವುದರೊಳಗೆ ಆಪರೇಷನ್ ಆಯಿತು.

ನಾಲ್ಕನೇ ದಿನ ಅವನನ್ನು ವಾರ್ಡಿಗೆ ತಂದರು. ನರ್ಸು ಪೆನ್ನು ಹಿಡಿದು "ನೋವಿದೆಯಾ?" ಎಂದರು. ಅವನು ಪೆನ್ನನ್ನೇ ನೋಡಿದ. ಅಳೆದು ತೂಗಿ ಹೇಳಿದ: "ಇದೆ ಸಿಸ್ಟರ್. ಆಪರೇಷನ್ ಆದ್ಮೇಲೆ ಬಂದಿದ್ದು. ಮೊದ್ಲು ಇರ್ಲಿಲ್ಲ."

ಅರ್ಜಿ ಓದಿದ ಹಾಗಿತ್ತು. ಎದೆ ಸರಿಯಾಯಿತು, ಆದರೆ ತನ್ನ ಗಂಡ ಎಲ್ಲಿ ಎಂದುಕೊಂಡಳು ಅವಳು.

ಅವಳ ಮುಖ ನೋಡಿ ನರ್ಸು, "ನೀವ್ಯಾಕಮ್ಮಾ ಸಪ್ಪಗಿದೀರಾ? ಮೈಗೆ ಹುಷಾರಿಲ್ವಾ?" ಎಂದರು.

"ತಲೆನೋವು."

"ಯಾವಾಗಿಂದ?"

"ಮದ್ವೆ ಆದ ದಿನದಿಂದ," ಎಂದಳು ಕಾಜಾ ಅಕ್ಕ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಅವನು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅವಳು ಹೊಡೆದ ಮೊದಲ ಜೋಕು ಅದು. ಅವನ ತುಟಿ ನಡುಗಿತು, ಭುಜ ಕುಲುಕಿತು, ಎರಡೂ ಕೈಯಲ್ಲಿ ದಿಂಬನ್ನು ಎದೆಗೆ ಒತ್ತಿಕೊಂಡ. "ನಗಿಸ್ಬೇಡ ಕಣೇ, ಹೊಲಿಗೆ ಬಿಟ್ಟೋಗುತ್ತೆ!"

"ಬಿಟ್ರೆ ನಾನಿಲ್ವಾ, ಹಾಕ್ತೀನಿ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ನರ್ಸಿನ ಪೆನ್ನು ಕಾಗದದ ಮೇಲೆ ಓಡುವುದು ಕಂಡು ಅವನು ಇದ್ದ ಬಲವನ್ನೆಲ್ಲ ಕೂಡಿಸಿ ಕೂಗಿದ: "ಅಯ್ಯೋ ಸಿಸ್ಟರ್, ಬರ್ಕೋಬೇಡಿ! ಆ ಪಾಲಿಸೀಲಿ ಇವಳ ಹೆಸ್ರೂ ಇದೆ!"