‘ಏನೂ ಇಲ್ಲ’ ಎಂದು ಬರೆದ ಮೇಷ್ಟ್ರು

ಕಾಲೇಜಿನಲ್ಲಿ ಅವರನ್ನು ಎಲ್ಲರೂ ಪಾಚಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಸಸ್ಯಶಾಸ್ತ್ರ ವಿಭಾಗದ ಮಿಕ್ಕವರು ಹೂವು, ಬೀಜ, ಬೆಳೆ ಎಂದು ಓಡಾಡುತ್ತಿದ್ದರೆ, ಇವರೊಬ್ಬರು ಹಳೇ ಗೋಡೆ, ನಲ್ಲಿ ಕಟ್ಟೆ, ಮೋರಿಯ ಅಂಚು ಎಂದು ಬಗ್ಗಿ ಬಗ್ಗಿ ನೋಡುತ್ತ, ಚಾಕುವಿನ ತುದಿಯಿಂದ ಹಸಿರು ಕೆರೆದು ಕಾಗದದ ಪೊಟ್ಟಣ ಕಟ್ಟುತ್ತಿದ್ದರು. ಚಿಕ್ಕ ವಯಸ್ಸಿಗೇ ಒಳ್ಳೆಯ ಲೇಖನಗಳನ್ನು ಬರೆದು ಹೆಸರು ಮಾಡಿದ್ದರು. ಇನ್ನೇನು ಪ್ರೊಫೆಸರ್ ಆಗಿಯೇಬಿಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದ ಹೊತ್ತಿಗೆ ಮನೆಗೆ ಬರಸಿಡಿಲು ಬಡಿಯಿತು.

ಹೆಂಡತಿಯ ಹೆರಿಗೆಯಲ್ಲೇ ಮಗು ತೀರಿಕೊಂಡಿತು. ಮೊದಮೊದಲು ಆಕೆ ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಕೆಲವು ದಿನ ಇಲ್ಲದ ಮಗುವಿನ ಅಳು ಕೇಳಿಸಿತೆಂದು ಬೀದಿಗೆ ಓಡುತ್ತಿದ್ದಳು. ಡಾಕ್ಟರು ಔಷಧಿ ಕೊಟ್ಟು, “ವಾಸಿ ಆಗುತ್ತೆ, ನಿಧಾನ. ಒಬ್ಬರನ್ನೇ ಮಾತ್ರ ಬಿಡಬೇಡಿ” ಎಂದರು.

ಮೇಷ್ಟ್ರು ಬಿಡಲಿಲ್ಲ. ಬೆಳಿಗ್ಗೆ ಎದ್ದು ಆಕೆಯ ತಲೆಯ ಸಿಕ್ಕು ಬಿಡಿಸಿ, ಜಡೆ ಹೆಣೆದು, ನಾಲ್ಕು ತುತ್ತು ತಿನ್ನಿಸಿ, ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿ ಕಾಲೇಜಿಗೆ ಓಡುತ್ತಿದ್ದರು. ಕೋಟಿನ ತೋಳಿಗೆ ಉದ್ದನೆಯ ಕೂದಲು ಅಂಟಿರುತ್ತಿತ್ತು. ಹುಡುಗರು ಕಣ್ಣು ಮಿಟುಕಿಸಿ ನಗುತ್ತಿದ್ದರು. ಪಾಠ ಮುಗಿಯುತ್ತಲೇ ಮನೆ. ಪ್ರಯೋಗಾಲಯದ ಕಪಾಟಿನಲ್ಲಿ ಪೊಟ್ಟಣಗಳು ಹಾಗೇ ಒಣಗಿ ಪುಡಿಯಾದವು.

ವರ್ಷಗಟ್ಟಲೆ ಹೀಗೇ ನಡೆಯಿತು. ಯಾರಾದರೂ ಮನೆಯವರ ವಿಷಯ ಕೇಳಿದರೆ “ಚೆನ್ನಾಗಿದ್ದಾಳೆ” ಎಂದು ಮಾತು ಹಾರಿಸುತ್ತಿದ್ದರು. ಹುಚ್ಚಿ ಎಂಬ ಮಾತೊಂದು ಊರ ಬಾಯಿಗೆ ಬಿದ್ದರೆ ಜನ್ಮಕ್ಕೂ ಹೋಗುವುದಿಲ್ಲ ಎಂಬ ಭಯ ಅವರಿಗೆ. ಶಿಕ್ಷಕರ ಕೋಣೆಯಲ್ಲಿ ಹೊಸದಾಗಿ ಬಂದವನೊಬ್ಬ, “ನಿಂತ ನೀರಲ್ಲಿ ಪಾಚಿ ಕಟ್ಟುತ್ತಂತೆ. ನಮ್ಮ ಮೇಷ್ಟ್ರು ನಿಂತು ಎಷ್ಟು ಕಾಲ ಆಯ್ತೋ!” ಎಂದಾಗ ಎಲ್ಲರ ಜೊತೆ ತಾವೂ ನಕ್ಕುಬಿಟ್ಟರು.

ಕೊನೆಗೂ ಆಕೆ ಚೇತರಿಸಿಕೊಂಡಳು. ಒಂದು ಬೆಳಿಗ್ಗೆ ಬಾಚಣಿಗೆಯನ್ನು ಅವರ ಕೈಯಿಂದ ಕಿತ್ತುಕೊಂಡು, “ಬಿಡಿ ರೀ, ನೀವು ಹೆಣೆದ ಜಡೆ ಯಾವತ್ತೂ ಒಂದೇ ಕಡೆಗೆ ವಾಲುತ್ತೆ” ಎಂದಳು. ಮೇಷ್ಟ್ರು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಕೊಂಡು ಮನಸಾರೆ ಅತ್ತರು.

ಮತ್ತೆ ಚಾಕು, ಪೊಟ್ಟಣ ಹಿಡಿದು ಹೊರಟರು. ಒಳ್ಳೆಯ ಲೇಖನಗಳು ಬಂದವು. ಬಡ್ತಿಗೆ ಅರ್ಜಿ ಕರೆದಾಗ ಹಾಕಿದರು. ಅದರಲ್ಲೊಂದು ಪ್ರಶ್ನೆ ಇತ್ತು: ಸಂಶೋಧನೆಗೆ ಅಡ್ಡಿಯಾದ ವೈಯಕ್ತಿಕ ಸಂದರ್ಭಗಳಿದ್ದರೆ ತಿಳಿಸಿ. ಮೇಷ್ಟ್ರು ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಈಗ ತಾನೇ ನಗಲು ಕಲಿತವಳ ಕಥೆಯನ್ನು ಗುರುತಿಲ್ಲದವರ ಮೇಜಿನ ಮೇಲೆ ಹರಡುವುದೇ? ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿದರು.

ಬಡ್ತಿ ಸಿಗಲಿಲ್ಲ. ಸುದ್ದಿ ತಿಳಿಸಲು ವಿಭಾಗದ ಮುಖ್ಯಸ್ಥೆಯೇ ಒಂದು ಸಂಜೆ ಮನೆಗೆ ಬಂದರು. ಆಯ್ಕೆ ಸಮಿತಿಯಲ್ಲಿ ಅವರೂ ಇದ್ದರು.

“ಅಷ್ಟು ವರ್ಷ ಯಾಕೆ ಒಂದು ಲೇಖನಾನೂ ಇಲ್ಲ ಅಂತ ಕೇಳಿದ್ರು ಸರ್. ಸೋಮಾರಿತನ ಅಂದ್ರು ಒಬ್ಬರು. ನನಗೆ ಅಲ್ಪಸ್ವಲ್ಪ ಗೊತ್ತಿತ್ತು. ಆದ್ರೆ ನೀವೇ ಏನೂ ಇಲ್ಲ ಅಂತ ಬರೆದ ಮೇಲೆ ನಾನು ಯಾವ ಬಾಯಲ್ಲಿ ಹೇಳ್ಲಿ? ಸಂದರ್ಭ ನೋಡಿ ತೂಗಬೇಕು ಅಂತ ನಿಯಮಾನೇ ಇದೆ. ತಕ್ಕಡೀಲಿ ನೀವೇನೂ ಇಡಲಿಲ್ಲವಲ್ಲ.”

“ಮನೆ ವಿಷಯ, ಮೇಡಂ...” ಎಂದು ಮೇಷ್ಟ್ರು ತಡವರಿಸಿದರು.

ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಟೀ ಲೋಟ ಹಿಡಿದು ನಿಂತಿದ್ದಳು. ಬಂದವರಿಗೆ ಕೊಟ್ಟು, ನಗುನಗುತ್ತಲೇ ಕಳಿಸಿ, ಬಾಗಿಲು ಹಾಕಿಕೊಂಡು ಬಂದಳು.

“ಏನೂ ಇಲ್ಲ ಅಂತ ಬರೆದ್ರಾ?”

“ನಿನಗೋಸ್ಕರಾನೇ ಕಣೇ. ನಾಳೆ ಯಾರಾದ್ರೂ ಏನಾದ್ರೂ ಅಂದುಬಿಟ್ರೆ...”

“ಅನ್ನೋರು ಅಂದುಕೊಳ್ಳಲಿ. ನನ್ನ ಒಂದು ಮಾತು ಕೇಳಬಹುದಿತ್ತಲ್ಲ? ನಾನು ಸತ್ತು ಬದುಕಿದ್ದು ಏನೂ ಇಲ್ವಾ? ನೀವು ಬದುಕಿಸಿದ್ದು ಏನೂ ಇಲ್ವಾ? ನಮ್ಮ ಮಗು?” ಆಕೆಯ ದನಿ ಸಣ್ಣಗಾಯಿತು. “ನಾನು ಅಷ್ಟು ನಾಚಿಕೆಯ ವಿಷಯಾನಾ ರೀ?”

ಹೆಂಡತಿಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ ಮೇಷ್ಟ್ರು ಆಕೆಯನ್ನು ಬಚ್ಚಿಟ್ಟಿದ್ದರು.

ಮತ್ತೆ ಅರ್ಜಿ ಕರೆಯುವುದಕ್ಕೆ ವರ್ಷಗಳೇ ಹಿಡಿದವು. ಆ ಸಲ ಆಕೆಯೇ ಪಕ್ಕದಲ್ಲಿ ಕೂತು ಬರೆಸಿದಳು. “ಸುತ್ತಿ ಬಳಸಿ ಬರೀಬೇಡಿ. ಮಗು ಹೋಯ್ತು, ಹೆಂಡತಿಗೆ ಮನಸ್ಸಿನ ಕಾಯಿಲೆ ಬಂತು, ನೋಡ್ಕೊಳ್ಳೋಕೆ ನಾನೊಬ್ಬನೇ ಇದ್ದೆ. ಅಷ್ಟೇ.” ಸಮಿತಿಯಲ್ಲಿ ಒಬ್ಬರು, “ಮನೆ ತಾಪತ್ರಯ ಯಾರಿಗಿಲ್ಲ?” ಎಂದು ಮೂಗು ಮುರಿದರಂತೆ. ಮುಖ್ಯಸ್ಥೆ ಬಿಡಲಿಲ್ಲವಂತೆ: “ಕನಿಕರ ತೋರಿಸಿ ಅಂತಿಲ್ಲ ನಾನು. ಕೈಗೆ ಸಿಕ್ಕಷ್ಟು ಸಮಯದಲ್ಲಿ ಈ ಮನುಷ್ಯ ಎಂಥ ಕೆಲಸ ಮಾಡಿದ್ದಾರೆ, ಅದನ್ನ ನೋಡಿ.” ಬಡ್ತಿ ಬಂತು.

ಬಂತು, ಆದರೆ ನಿವೃತ್ತಿಯೂ ಹಿಂದೆಯೇ ನಿಂತಿತ್ತು. ಆ ಕಾಲೇಜಿನಲ್ಲಿ ಸಂಶೋಧನೆಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಹಕ್ಕು ಪ್ರೊಫೆಸರುಗಳಿಗೆ ಮಾತ್ರ. ಪಾಚಿಯ ಮೇಲೇ ಕೆಲಸ ಮಾಡುತ್ತೇನೆಂದು ಹಟ ಹಿಡಿದಿದ್ದ ಹುಡುಗಿಯೊಬ್ಬಳು, ಮೊದಲ ಸಲ ಅವರಿಗೆ ಬಡ್ತಿ ತಪ್ಪಿದ ಮೇಲೆ ಕಾದು ಕಾದು ಔಷಧಿ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದಳು. ಈಗ ಅಭಿನಂದಿಸಲು ಬಂದವಳು, “ಹಸಿ ಗೋಡೆ ಕಂಡ್ರೆ ಈಗಲೂ ನಿಂತು ನೋಡ್ತೀನಿ ಸರ್” ಎಂದಳು.

ಅದನ್ನಾದರೂ ಮೇಷ್ಟ್ರು ಹೇಗೋ ನುಂಗಿಕೊಂಡರು. ನುಂಗಲಾಗದ್ದು ಇನ್ನೊಂದಿತ್ತು. ಮುಖ್ಯಸ್ಥೆ ಬಂದುಹೋದ ಆ ಸಂಜೆಯಿಂದ ಈಚೆಗೆ ಮನೆಗೆ ಯಾರೇ ಬರಲಿ, ಹೆಂಡತಿ ಅಡುಗೆಮನೆಯಿಂದಲೇ ಮೆಲ್ಲಗೆ ಕೇಳುತ್ತಾಳೆ: “ರೀ, ನಾನು ಹೊರಗೆ ಬರಲಾ?” ಚುಚ್ಚಬೇಕೆಂದು ಕೇಳುವುದಲ್ಲ, ನಿಜವಾಗಿಯೂ ಕೇಳುತ್ತಾಳೆ. ಮೇಷ್ಟ್ರು ಪ್ರತಿ ಸಲವೂ ಕುರ್ಚಿ ಬಿಟ್ಟೆದ್ದು, “ಬಾರೇ, ಬಾ” ಎಂದು ಕೈಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮುಂದಿನ ಸಲ ಆಕೆ ಮತ್ತೆ ಕೇಳುತ್ತಾಳೆ.